ಅರುಂಧತೀದರ್ಶನವೂ ಗ್ರಹಣಯಮಳಗಳ ಮಾನನಿರ್ಣಯವೂ

೧. ವಿಷಯ

ವಿವಾಹಸಂಸ್ಕಾರದ ಅಂಗವಾಗಿ ವಧುವಿಗೆ ಧ್ರುವನನ್ನೂ ಅರುಂಧತಿಯನ್ನೂ ತೋರಿಸುವ ಪದ್ಧತಿ ಬಹು ಹಿಂದಿನಿಂದ ನಡೆದುಬಂದಿದೆ. ಮಂಗಳೂರಿನ ಮಣ್ಣಗುಡ್ಡದಂತಹ ಪೇಟೆಯ ಭಾಗಗಳಲ್ಲಿ ಮದುವೆಗಳು ಈಗ ಬಹುಮಟ್ಟಿಗೆ ಹಗಲಿನಲ್ಲಿಯೇ ಮುಗಿಯುವುದರಿಂದ, ಪುರೋಹಿತರು ವಧೂವರರನ್ನು ಮಂಟಪದ ಹೊರಕ್ಕೆ ಕರೆತಂದು ಬಿಸಿಲಿನ ಆಕಾಶದತ್ತ ಕೈಯೆತ್ತಿ ತೋರುತ್ತಾರೆ; ದಂಪತಿಗಳೂ ಕಂಡಿತೆಂದು ತಲೆಬಾಗುತ್ತಾರೆ. ರಾತ್ರಿಯಲ್ಲಿ ನೋಡಹೊರಟರೂ ಬೀದಿದೀಪಗಳ ನಡುವೆ ಸಪ್ತರ್ಷಿಮಂಡಲದ ವಸಿಷ್ಠನು ಕಾಣಿಸುವನೇ ಹೊರತು ಅವನಿಗಿಂತ ಬಹಳ ಮಂಕಾದ ಅರುಂಧತಿಯು ಕಾಣಿಸುವುದು ಅಪರೂಪ. ಈ ಜೋಡಿಯನ್ನೇ ಆಧಾರವಾಗಿಟ್ಟುಕೊಂಡು ಈಚಿನ ಉಪನ್ಯಾಸಗಳಲ್ಲಿಯೂ ಲೇಖನಗಳಲ್ಲಿಯೂ ಒಂದು ಮತವು ಪ್ರಚಾರಕ್ಕೆ ಬಂದಿದೆ. ಪರಸ್ಪರ ಸುತ್ತುವ ಯಮಳನಕ್ಷತ್ರಗಳನ್ನು ನಮ್ಮ ಪ್ರಾಚೀನರು ಬಲ್ಲವರಾಗಿದ್ದರೆಂದೂ, ಪಾಶ್ಚಾತ್ಯರು ಯಂತ್ರಗಳಿಂದ ಕಂಡುದು ಅದರ ಪುನರುಕ್ತಿಯೇ ಎಂದೂ ಆ ಮತದ ಸಾರ. ಇದಕ್ಕೆ ಪ್ರತಿಯಾಗಿ, ಸಿದ್ಧಾಂತಗ್ರಂಥಗಳ ಗ್ರಹಣಗಣಿತವು ಪಂಚಾಂಗಕ್ಕೆ ಮಾತ್ರ ಉಪಯುಕ್ತವೆಂದೂ, ಖಭೌತವಿಜ್ಞಾನಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲವೆಂದೂ ಹೇಳುವ ಮತ್ತೊಂದು ಪಕ್ಷವುಂಟು. ಈ ಎರಡು ಪಕ್ಷಗಳೂ ವಿಚಾರಸಹವಲ್ಲವೆಂಬುದನ್ನು ತೋರಿಸುವುದೂ, ಅದಕ್ಕಾಗಿ ಗ್ರಹಣಯಮಳಗಳ ಮಾನಗಳನ್ನು ವಿದ್ವಾಂಸರು ಅಳೆಯುವ ಕ್ರಮವನ್ನು ಪರೀಕ್ಷಿಸುವುದೂ ಪ್ರಕೃತ ಲೇಖನದ ಉದ್ದೇಶ.

೨. ಮೊದಲನೆಯ ಪಕ್ಷದ ಪರೀಕ್ಷೆ

ವಸಿಷ್ಠನಿಗೂ ಅರುಂಧತಿಗೂ ಆಕಾಶದಲ್ಲಿ ತೋರುವ ಅಂತರವು ಸುಮಾರು ೧೨ ಕಲೆಗಳು. ಕಣ್ಣಿಗೆ ಎರಡು ನಕ್ಷತ್ರಗಳು ಹತ್ತಿರ ತೋರಿದ ಮಾತ್ರಕ್ಕೆ ಅವು ಒಂದನ್ನೊಂದು ಸುತ್ತುವವೆಂದು ಸಿದ್ಧವಾಗುವುದಿಲ್ಲ. ಒಂದೇ ದಿಕ್ಕಿನಲ್ಲಿ ದೂರ ದೂರ ನಿಂತ ಎರಡು ದೀಪಗಳೂ ಒಟ್ಟಿಗಿರುವಂತೆ ತೋರುತ್ತವೆ. ಯಮಳತ್ವವನ್ನು ಸ್ಥಾಪಿಸಬೇಕಾದರೆ ಚಲನೆಯನ್ನು ತೋರಿಸಬೇಕು. ಅರುಂಧತಿಯು ವಸಿಷ್ಠನನ್ನು ಇಂತಿಷ್ಟು ಕಾಲದಲ್ಲಿ ಸುತ್ತುವಳೆಂದು ಭಗಣವನ್ನು ಹೇಳುವ ಸಿದ್ಧಾಂತಗ್ರಂಥವು ಯಾವುದೂ ಇಲ್ಲ. ಸೂರ್ಯಸಿದ್ಧಾಂತವು ನಕ್ಷತ್ರಗಳಿಗೆ ಧ್ರುವಕವಿಕ್ಷೇಪಗಳನ್ನು ಕೊಟ್ಟಿದೆಯೇ ಹೊರತು ಪರಸ್ಪರ ಭ್ರಮಣವನ್ನು ಹೇಳಿಲ್ಲ.

ಇನ್ನೂ ಒಂದು ಮಾತುಂಟು. ೧೮೮೯ರಲ್ಲಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದ ಪಿಕರಿಂಗನು ಯಮಳವೆಂದು ಪ್ರಕಟಿಸಿದ್ದು ವಸಿಷ್ಠಾರುಂಧತಿಯರ ಜೋಡಿಯನ್ನಲ್ಲ, ವಸಿಷ್ಠನೊಬ್ಬನನ್ನೇ. ಒಂದೇ ಬಿಂದುವಾಗಿ ತೋರುವ ಆ ನಕ್ಷತ್ರದ ರೋಹಿತದಲ್ಲಿ ರೇಖೆಗಳು ಒಮ್ಮೆ ಒಂದಾಗಿಯೂ ಒಮ್ಮೆ ಎರಡಾಗಿಯೂ ಕಂಡುಬಂದುದರಿಂದ, ಅಲ್ಲಿ ಸುಮಾರು ೨೦ ದಿನಗಳಿಗೊಮ್ಮೆ ಪರಸ್ಪರ ಸುತ್ತುವ ಎರಡು ನಕ್ಷತ್ರಗಳಿವೆಯೆಂದು ಸಿದ್ಧವಾಯಿತು. ರೋಹಿತದ ಮೂಲಕ ತಿಳಿದುಬಂದ ಯಮಳಗಳಲ್ಲಿ ಇದೇ ಮೊದಲನೆಯದು. ಅರುಂಧತಿಗೂ ಪ್ರತ್ಯೇಕವಾಗಿ ಒಂದು ಮಂದವಾದ ಸಂಗಾತಿಯುಂಟೆಂಬುದು ತಿಳಿದದ್ದು ೨೦೦೯ರಲ್ಲಿ. ಹೀಗಿರಲು, ಬರಿಗಣ್ಣಿನ ಅರುಂಧತೀದರ್ಶನವನ್ನು ಈ ಜ್ಞಾನಕ್ಕೆ ಪ್ರಮಾಣವಾಗಿ ಹಿಡಿಯುವುದು ಹೆಸರಿನ ಸಾಮ್ಯದಿಂದ ವಸ್ತುವಿನ ಸಾಮ್ಯವನ್ನು ಕಲ್ಪಿಸಿದಂತಾಗುತ್ತದೆ. ಪ್ರಾಚೀನರು ಹೇಳದೆ ಇದ್ದುದನ್ನು ಅವರ ಬಾಯಲ್ಲಿ ಹಾಕುವುದು ಅವರಿಗೆ ಮಾಡುವ ಗೌರವವಲ್ಲ. ಅವರು ನಿಜವಾಗಿ ಹೇಳಿದುದನ್ನು ಓದದೆ ಬಿಡುವುದಕ್ಕೆ ಅದೊಂದು ನೆಪವಾಗುತ್ತದೆ.

೩. ಗ್ರಹಣಗಣಿತದ ವಿಲೋಮ

ಅವರು ನಿಜವಾಗಿ ಹೇಳಿದುದು ಗ್ರಹಣಾಧಿಕಾರದಲ್ಲಿದೆ. ಅಲ್ಲಿ ಮುಚ್ಚಲ್ಪಡುವ ಬಿಂಬವು ಛಾದ್ಯ, ಮುಚ್ಚುವುದು ಛಾದಕ. ಎರಡು ಬಿಂಬಗಳ ವ್ಯಾಸಗಳನ್ನು ಕೂಡಿ ಅರ್ಧಿಸಿದರೆ ಮಾನೈಕ್ಯಾರ್ಧ, ಕಳೆದು ಅರ್ಧಿಸಿದರೆ ಮಾನಾಂತರಾರ್ಧ. ಮಾನೈಕ್ಯಾರ್ಧದ ವರ್ಗದಿಂದ ಶರದ ವರ್ಗವನ್ನು ಕಳೆದು ಮೂಲವನ್ನು ತೆಗೆದು, ಗತ್ಯಂತರದಿಂದ ಭಾಗಿಸಿದರೆ ಸ್ಥಿತ್ಯರ್ಧ, ಅಂದರೆ ಸ್ಪರ್ಶದಿಂದ ಮಧ್ಯದವರೆಗಿನ ಕಾಲ ಬರುತ್ತದೆ. ಮಾನಾಂತರಾರ್ಧದಿಂದ ಹೀಗೆಯೇ ಗಣಿಸಿದರೆ ಬಿಂಬವು ಪೂರ್ಣವಾಗಿ ಮುಳುಗಿರುವ ಕಾಲದ ಅರ್ಧ, ವಿಮರ್ದಾರ್ಧವು ಬರುತ್ತದೆ. ಬಿಂಬಮಾನವೂ ಶರವೂ ಗತಿಯೂ ತಿಳಿದಿವೆ, ಕಾಲವು ಸಾಧ್ಯ. ಇದು ಸಿದ್ಧಾಂತಿಯ ಮಾರ್ಗ.

ಗ್ರಹಣಯಮಳಗಳ ವಿಷಯದಲ್ಲಿ ನಡೆಯುವುದು ಇದರ ವಿಲೋಮಕ್ರಿಯೆ. ಅಲ್ಲಿ ಬಿಂಬಗಳು ಕಾಣುವುದಿಲ್ಲ. ಎಷ್ಟು ದೊಡ್ಡ ದೂರದರ್ಶಕದಲ್ಲಿಯೂ ಸಾಮಾನ್ಯವಾಗಿ ಆ ಜೋಡಿಯು ಒಂದು ಬಿಂದುವಾಗಿಯೇ ಉಳಿಯುತ್ತದೆ. ಕಾಣುವುದು ಬೆಳಕಿನ ಏರಿಳಿತವೊಂದೇ. ಒಂದು ನಕ್ಷತ್ರವು ಇನ್ನೊಂದರ ಮುಂದೆ ಬಂದಾಗ ಒಟ್ಟು ಬೆಳಕು ಕುಂದುತ್ತದೆ. ಕುಂದು ಆರಂಭವಾದ ಕ್ಷಣವೇ ಸ್ಪರ್ಶ. ಕುಂದು ನಿಂತು ಬೆಳಕು ಸಮವಾಗಿ ಉಳಿದ ಕಾಲವೇ ವಿಮರ್ದ. ಪೂರ್ವಸ್ಥಿತಿಗೆ ಬಂದ ಕ್ಷಣವೇ ಮೋಕ್ಷ. ಕಾಲವು ತಿಳಿದಿದೆ, ಬಿಂಬಮಾನವೂ ಶರವೂ ಸಾಧ್ಯ. ತ್ರಿಭುಜವು ಅದೇ, ಗೊತ್ತಿರುವ ಭುಜಗಳು ಮಾತ್ರ ಬೇರೆ.

ಕಾಲಗಳ ಜೊತೆಗೆ ಕುಂದಿನ ಆಳವೂ ಉಪಕಾರಿಯಾಗುತ್ತದೆ. ೨೦೧೯ರ ದಶಂಬರ ೨೬ರ ಬೆಳಗ್ಗೆ ಮಂಗಳೂರು ಕಾಸರಗೋಡುಗಳ ಜನರು ಕಂಕಣಗ್ರಹಣವನ್ನು ಕಂಡಿದ್ದಾರೆ. ಚಂದ್ರಬಿಂಬವು ಸೂರ್ಯಬಿಂಬಕ್ಕಿಂತ ಸ್ವಲ್ಪ ಕಿರಿದಾಗಿ ತೋರುತ್ತಿದ್ದುದರಿಂದ ಸುತ್ತಲೂ ಉಂಗುರದಂತೆ ಬೆಳಕು ಉಳಿಯಿತು. ಯಮಳದಲ್ಲಿಯೂ ಕಿರಿಯ ಬಿಂಬವು ಹಿರಿಯದರ ಮುಂದೆ ಬಂದರೆ ಕಂಕಣ. ಅರ್ಧ ಸುತ್ತಿನ ಬಳಿಕ ಅದೇ ಕಿರಿಯದು ಹಿರಿಯದರ ಹಿಂದೆ ಸರಿದರೆ ಖಗ್ರಾಸ. ಎರಡು ಸಲವೂ ಮುಚ್ಚಿಹೋಗುವ ಕ್ಷೇತ್ರಫಲ ಒಂದೇ. ಆದರೂ ಕುಂದುಗಳ ಆಳವು ಬೇರೆಯಾದರೆ, ಎರಡು ಮೈಗಳ ತೇಜಸ್ಸು ಬೇರೆಯೆಂದು ಅರ್ಥ. ಕಕ್ಷೆಯು ವೃತ್ತಾಕಾರವಾಗಿದ್ದಲ್ಲಿ ಆಳಗಳ ನಿಷ್ಪತ್ತಿಯೇ ಮೈಗಳ ತೇಜಸ್ಸಿನ ನಿಷ್ಪತ್ತಿ. ಯಾವ ನಕ್ಷತ್ರದ ಮೈ ಹೆಚ್ಚು ಬಿಸಿಯೆಂಬುದು ಇದರಿಂದ ತಿಳಿಯುತ್ತದೆ.

ಇಲ್ಲಿ ಪರಿಭಾಷೆಯ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಚಂದ್ರಗ್ರಹಣದಲ್ಲಿ ಛಾದಕವು ಭೂಮಿಯ ನೆರಳು. ಸೂರ್ಯಗ್ರಹಣದಲ್ಲಿ ಛಾದಕವು ಚಂದ್ರನೆಂಬ ಪಿಂಡವೇ. ನಕ್ಷತ್ರಗಳಲ್ಲಿಯೂ ಪಿಂಡವೇ ಪಿಂಡವನ್ನು ಮುಚ್ಚುವುದರಿಂದ, ಇದು ಸೂರ್ಯಗ್ರಹಣದ ಜಾತಿಗೆ ಸೇರಿದ್ದು. ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತದೆಯೆಂದು ಬರೆಯುವುದು ತಪ್ಪು. ಆದರೆ ಸೂರ್ಯಗ್ರಹಣದಲ್ಲಿ ಊರಿಂದೂರಿಗೆ ವ್ಯತ್ಯಾಸವನ್ನುಂಟುಮಾಡುವ ಲಂಬನವು ಇಲ್ಲಿ ಇಲ್ಲ. ನಕ್ಷತ್ರಗಳ ದೂರದ ಮುಂದೆ ಭೂಮಿಯ ವ್ಯಾಸವು ನಗಣ್ಯವಾದುದರಿಂದ ಮಣ್ಣಗುಡ್ಡದಲ್ಲಿ ನಿಂತವನಿಗೂ ಲಡಾಖಿನಲ್ಲಿ ನಿಂತವನಿಗೂ ಗ್ರಹಣವು ಒಂದೇ ಕ್ಷಣದಲ್ಲಿ, ಒಂದೇ ಪ್ರಮಾಣದಲ್ಲಿ ತೋರುತ್ತದೆ. ಆದಕಾರಣ ವಸ್ತುಸ್ವರೂಪದಲ್ಲಿ ಇದು ಸೂರ್ಯಗ್ರಹಣ, ಗಣಿತಕ್ರಮದಲ್ಲಿ ಚಂದ್ರಗ್ರಹಣ. ಸಿದ್ಧಾಂತಕ್ಕೂ ಖಭೌತಕ್ಕೂ ಸಂಬಂಧವಿಲ್ಲವೆಂಬ ಎರಡನೆಯ ಪಕ್ಷವು ಇಲ್ಲಿಗೆ ನಿಲ್ಲುವುದಿಲ್ಲ.

೪. ಕಲಾಮಾನವೂ ಯೋಜನಮಾನವೂ

ಆದರೆ ಬೆಳಕಿನ ಏರಿಳಿತದಿಂದ ದೊರೆಯುವುದೆಲ್ಲವೂ ನಿಷ್ಪತ್ತಿಗಳೇ. ಕಕ್ಷೆಯ ತ್ರಿಜ್ಯವನ್ನು ೧೦೦ ಎಂದಿಟ್ಟರೆ ಒಂದು ಬಿಂಬದ ತ್ರಿಜ್ಯವು ೧೬, ಇನ್ನೊಂದರದು ೧೫ ಎಂದು ಹೇಳಬಹುದು. ಆ ೧೦೦ ಎಂಬುದು ಎಷ್ಟು ಕಿಲೋಮೀಟರು ಎಂಬುದು ಅದರಿಂದ ತಿಳಿಯದು. ಕೊಠಡಿಯಷ್ಟಿರುವ ಯಮಳವೂ ಕೋಟಿ ಯೋಜನದ ಯಮಳವೂ ಒಂದೇ ಬಗೆಯ ಏರಿಳಿತವನ್ನು ತೋರಿಸಬಲ್ಲವು.

ಈ ಕೊರತೆಯು ಹೊಸದಲ್ಲ. ಸಿದ್ಧಾಂತಗ್ರಂಥಗಳು ಎಡವಿದ ಸ್ಥಳವೂ ಇದೇ. ಸೂರ್ಯಸಿದ್ಧಾಂತದಲ್ಲಿ ಭೂವ್ಯಾಸವು ೧,೬೦೦ ಯೋಜನ, ಚಂದ್ರವ್ಯಾಸವು ೪೮೦ ಯೋಜನ, ಸೂರ್ಯವ್ಯಾಸವು ೬,೫೦೦ ಯೋಜನ. ಚಂದ್ರನ ವ್ಯಾಸವು ಭೂವ್ಯಾಸದ ಹತ್ತರಲ್ಲಿ ಮೂರು ಪಾಲು ಎಂದಾಯಿತು, ನಿಜವು ೦.೨೭ ಆದುದರಿಂದ ಇದು ಬಹಳ ಹತ್ತಿರದ ಮಾನ. ಸೂರ್ಯನ ವ್ಯಾಸವು ಭೂವ್ಯಾಸದ ನಾಲ್ಕು ಪಟ್ಟು ಎಂದಾಯಿತು; ನಿಜವು ೧೦೯ ಪಟ್ಟು. ಒಂದೇ ಗ್ರಂಥದಲ್ಲಿ ಒಂದು ಸರಿ, ಇನ್ನೊಂದು ಇಷ್ಟು ದೂರವಾದುದಕ್ಕೆ ಕಾರಣವು ಸ್ಪಷ್ಟವಾಗಿದೆ. ಎರಡು ಬಿಂಬಗಳ ಕಲಾಮಾನವೂ ಸರಿಯಾಗಿಯೇ ಇತ್ತು. ಚಂದ್ರನು ಹತ್ತಿರದವನಾದುದರಿಂದ ಅವನ ಲಂಬನವು ಅಳತೆಗೆ ಸಿಕ್ಕಿ, ಕಲೆಯನ್ನು ಯೋಜನಕ್ಕೆ ತಿರುಗಿಸುವ ಕೋಲು ದೊರೆಯಿತು. ಸೂರ್ಯನಿಗೆ ಅಂತಹ ಕೋಲು ಇರಲಿಲ್ಲ. ಎಲ್ಲ ಗ್ರಹಗಳೂ ದಿನಕ್ಕೆ ಸಮಾನ ಯೋಜನಗಳನ್ನು ನಡೆಯುತ್ತವೆಂಬ ಊಹೆಯಿಂದ ಸೂರ್ಯಕಕ್ಷೆಯನ್ನು ಚಂದ್ರಕಕ್ಷೆಯ ೧೩ ಪಟ್ಟಿಗೆ ಸ್ವಲ್ಪ ಮೇಲೆ ಇಡಲಾಯಿತು. ವಾಸ್ತವವಾಗಿ ಅದು ಸುಮಾರು ೩೯೦ ಪಟ್ಟು. ಗಣಿತದಲ್ಲಿ ದೋಷವಿಲ್ಲ, ಗತಿಯನ್ನು ಅಳೆಯದೆ ಊಹಿಸಿದುದೇ ದೋಷ. ನಕ್ಷತ್ರಗಳ ವಿಷಯದಲ್ಲಿ ಗತಿಯನ್ನು ಅಳೆಯುವ ಕೋಲೇ ರೋಹಿತ.

೫. ರೋಹಿತವೆಂಬ ಅಳತೆಗೋಲು

ರೋಹಿತವೆಂಬ ಶಬ್ದವನ್ನು ಆರಿಸಿದವರ ವಿವೇಕವನ್ನು ಮೆಚ್ಚಲೇಬೇಕು. ಇಂದ್ರಧನುಸ್ಸು ಬಾಗದೆ ನೆಟ್ಟಗಿದ್ದರೆ ಅದಕ್ಕೆ ರೋಹಿತವೆಂಬ ಹೆಸರನ್ನು ಅಮರಕೋಶವು ಕೊಡುತ್ತದೆ. ಗಾಜಿನ ಪಟ್ಟಕದ ಮೂಲಕ ಹಾಯ್ದ ಬೆಳಕು ಬಣ್ಣಬಣ್ಣದ ನೆಟ್ಟನೆಯ ಪಟ್ಟೆಯಾಗಿ ಹರಡುವುದರಿಂದ ಇದಕ್ಕಿಂತ ಒಪ್ಪುವ ಶಬ್ದವು ಸಿಕ್ಕದು. ಆದರೆ ಅಳತೆಗೆ ಬೇಕಾದುದು ಬಣ್ಣಗಳಲ್ಲ, ಬಣ್ಣಗಳ ನಡುವೆ ಕಾಣುವ ಸೂಕ್ಷ್ಮವಾದ ಕಪ್ಪು ರೇಖೆಗಳು. ಆಕಾಶದ ಮಳೆಬಿಲ್ಲಿನಲ್ಲಿ ಅವು ಕಣ್ಣಿಗೆ ಬೀಳುವುದಿಲ್ಲ. ರೋಹಿತವೆಂದರೆ ಮಳೆಬಿಲ್ಲಿನ ಬಣ್ಣಗಳೆಂದಷ್ಟೇ ವಿವರಿಸಿ ಮುಗಿಸುವ ಬರಹಗಳು ವಾಚಕನನ್ನು ಬಾಗಿಲಲ್ಲಿ ನಿಲ್ಲಿಸಿ ಹೋದಂತಾಗುತ್ತದೆ.

ಗ್ರಹಣಕ್ಕೂ ರೋಹಿತದರ್ಶಕಕ್ಕೂ ಕನ್ನಡನಾಡಿನ ನೆಲದಲ್ಲಿ ಹಳೆಯ ಸಂಬಂಧವಿದೆ. ೧೮೬೮ರ ಆಗಸ್ಟ್ ೧೮ರ ಖಗ್ರಾಸ ಸೂರ್ಯಗ್ರಹಣದಲ್ಲಿ ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿಯು ಜಮಖಂಡಿಯಲ್ಲಿ ನಿಂತು, ಸೂರ್ಯನ ಅಂಚಿನಲ್ಲಿ ಏಳುವ ಜ್ವಾಲೆಗಳ ರೋಹಿತವನ್ನು ನೋಡಿದನು. ೧೮೭೧ರ ದಶಂಬರ ೧೨ರ ಗ್ರಹಣದಲ್ಲಿ ನಾರ್ಮನ್ ಲಾಕಿಯರನು ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಬೇಕಲದ ಕೋಟೆಯಲ್ಲಿ ಬೀಡುಬಿಟ್ಟು ಸೂರ್ಯನ ಕಿರೀಟದ ರೋಹಿತವನ್ನು ಪರೀಕ್ಷಿಸಿದನು. ದೂರದ ತೇಜಸ್ಸಿನಲ್ಲಿ ಯಾವ ಧಾತುಗಳಿವೆ ಎಂಬ ಪ್ರಶ್ನೆಗೆ ಆಗ ಉತ್ತರವನ್ನು ಹುಡುಕುತ್ತಿದ್ದರು. ಆ ತೇಜಸ್ಸು ಎಷ್ಟು ವೇಗದಲ್ಲಿ ನಡೆಯುತ್ತಿದೆ ಎಂಬ ಪ್ರಶ್ನೆಗೂ ಅದೇ ಯಂತ್ರವು ಉತ್ತರವನ್ನು ಕೊಟ್ಟಿತು.

ಅದರ ಕ್ರಮ ಹೀಗೆ. ಸಮೀಪಿಸುವ ರೈಲಿನ ಕೂಗು ಏರಿದ ಸ್ವರದಲ್ಲಿಯೂ, ದಾಟಿಹೋಗುವ ರೈಲಿನ ಕೂಗು ಇಳಿದ ಸ್ವರದಲ್ಲಿಯೂ ಕೇಳುವುದು ಎಲ್ಲರಿಗೂ ಅನುಭವವಿದ್ದದ್ದೇ. ೧೮೪೨ರಲ್ಲಿ ಡಾಪ್ಲರನು ಹೇಳಿದ ಈ ನಿಯಮವು ಬೆಳಕಿಗೂ ಸಲ್ಲುತ್ತದೆ. ಸಮೀಪಿಸುವ ನಕ್ಷತ್ರದ ರೇಖೆಗಳು ನೇರಳೆಯ ಕಡೆಗೂ, ದೂರ ಸರಿಯುವ ನಕ್ಷತ್ರದ ರೇಖೆಗಳು ಕೆಂಪಿನ ಕಡೆಗೂ ಪಲ್ಲಟಗೊಳ್ಳುತ್ತವೆ. ಬೆಳಕಿನ ವೇಗವು ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು. ನಕ್ಷತ್ರವು ಸೆಕೆಂಡಿಗೆ ೧೦೦ ಕಿಲೋಮೀಟರು ವೇಗದಿಂದ ಸರಿದರೆ ಪಲ್ಲಟವು ಅಲೆಯ ಉದ್ದದ ೩,೦೦೦ದ ಒಂದು ಪಾಲು. ೫,೮೯೦ ಆಂಗ್‌ಸ್ಟ್ರಮ್ ಉದ್ದದ ಸೋಡಿಯಂ ರೇಖೆಯು ೨ ಆಂಗ್‌ಸ್ಟ್ರಮಿನಷ್ಟು ಸರಿಯುತ್ತದೆ. ನಕ್ಷತ್ರದ ದೂರವು ತಿಳಿಯದಿದ್ದರೂ ವೇಗವು ಕಿಲೋಮೀಟರುಗಳಲ್ಲಿಯೇ ಬರುತ್ತದೆಂಬುದು ಇದರ ವಿಶೇಷ.

ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಬ್ರಹ್ಮಹೃದಯದ ನೆರೆಯಲ್ಲಿ, ಕನ್ನಡದ ಖಗೋಲಲೇಖಕರು ವಿಜಯಸಾರಥಿಯೆಂದು ಕರೆದಿರುವ ಪುಂಜದಲ್ಲಿ, ಬೀಟಾ ಎಂಬ ಎರಡನೆಯ ನಕ್ಷತ್ರವುಂಟು. ಇದರ ರೇಖೆಗಳು ಇಬ್ಬಗೆಯಾಗುವುದನ್ನು ಹಾರ್ವರ್ಡಿನ ಆಂಟೋನಿಯಾ ಮೋರಿ ಎಂಬ ವಿದುಷಿಯು ೧೮೮೯ರಲ್ಲಿ ಕಂಡಳು. ಬೆಳಕಿನಲ್ಲಿ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆಯಾದ ಕುಂದನ್ನು ಸುಮಾರು ೧೯೧೦ರಲ್ಲಿ ಸ್ಟೆಬಿನ್ಸನು ಕಂಡನು. ಇದರ ಭಗಣಕಾಲವು ೩.೯೬ ದಿನ. ಎರಡು ನಕ್ಷತ್ರಗಳ ಪರಮವೇಗಗಳು ಸೆಕೆಂಡಿಗೆ ಸುಮಾರು ೧೦೮ ಮತ್ತು ೧೧೨ ಕಿಲೋಮೀಟರು. ಎರಡನ್ನೂ ಕೂಡಿ, ಭಗಣಕಾಲದ ಸೆಕೆಂಡುಗಳಿಂದ ಗುಣಿಸಿ, ಪರಿಧಿಯಿಂದ ತ್ರಿಜ್ಯವನ್ನು ತೆಗೆದರೆ ನಡುವಣ ಅಂತರವು ೧ ಕೋಟಿ ೨೦ ಲಕ್ಷ ಕಿಲೋಮೀಟರಿನ ಸಮೀಪಕ್ಕೆ ಬರುತ್ತದೆ. ಅಂತರವೂ ಕಾಲವೂ ತಿಳಿದ ಬಳಿಕ ಕೆಪ್ಲರನ ಮೂರನೆಯ ನಿಯಮದಿಂದ ಒಟ್ಟು ದ್ರವ್ಯವು ಸೂರ್ಯನ ಸುಮಾರು ೪.೭ ಪಟ್ಟು ಎಂದಾಗುತ್ತದೆ. ತಕ್ಕಡಿಯ ದಂಡದಂತೆ ಭಾರವಾದುದು ಕಡಿಮೆ ವೇಗದಿಂದಲೂ ಹಗುರವಾದುದು ಹೆಚ್ಚು ವೇಗದಿಂದಲೂ ಚಲಿಸುವುದರಿಂದ, ಆ ಮೊತ್ತವು ೨.೪ ಮತ್ತು ೨.೩ ಎಂದು ಪಾಲಾಗುತ್ತದೆ. ಬೆಳಕಿನ ಏರಿಳಿತವು ಕೊಟ್ಟ ೧೬ ಮತ್ತು ೧೫ ಎಂಬ ನಿಷ್ಪತ್ತಿಗಳು ಈಗ ಸೂರ್ಯತ್ರಿಜ್ಯದ ಸುಮಾರು ೨.೮ ಮತ್ತು ೨.೬ ಪಟ್ಟುಗಳಾಗಿ ಪರಿಣಮಿಸುತ್ತವೆ. ಕಲೆಯು ಯೋಜನವಾಯಿತು.

ಆದರೆ ರೋಹಿತಕ್ಕೂ ಒಂದು ನ್ಯೂನತೆಯಿದೆ. ಅದು ನೋಡುವವನ ಕಡೆಗೆ ಬರುವ ಅಥವಾ ಅವನಿಂದ ಸರಿಯುವ ವೇಗವನ್ನು ಮಾತ್ರ ತಿಳಿಸುತ್ತದೆ. ಕಕ್ಷೆಯು ಎಷ್ಟು ಓರೆಯಾಗಿದೆಯೆಂಬುದನ್ನು ತಿಳಿಸದು. ಓರೆ ತಿಳಿಯದಿದ್ದರೆ ದ್ರವ್ಯಕ್ಕೆ ಕೆಳಗಿನ ಮಿತಿಯು ಸಿಕ್ಕೀತೇ ಹೊರತು ನಿಜವಾದ ಮಾನವು ಸಿಕ್ಕದು. ವಸಿಷ್ಠನಲ್ಲಿ ಗ್ರಹಣವು ನಡೆಯುವುದಿಲ್ಲವಾದುದರಿಂದ ಪಿಕರಿಂಗನ ಕಾಲದಲ್ಲಿ ಈ ತೊಡಕು ಹಾಗೆಯೇ ಉಳಿಯಿತು. ಗ್ರಹಣವಾಗುವ ಯಮಳದಲ್ಲಿ ಮಾತ್ರ ಶರದಿಂದ ಓರೆಯು ತಿಳಿಯುತ್ತದೆ. ಬೀಟಾದಲ್ಲಿ ಅದು ದೃಷ್ಟಿರೇಖೆಯಿಂದ ಸುಮಾರು ೧೩ ಅಂಶ. ಸಾಂಖ್ಯರ ಅಂಧಪಂಗುನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯದು. ಬೆಳಕಿನ ಏರಿಳಿತವು ಆಕಾರವನ್ನು ಕಾಣಬಲ್ಲದು, ನಡೆದು ದೂರವನ್ನಳೆಯಲಾರದು. ರೋಹಿತವು ನಡೆದು ಅಳೆಯಬಲ್ಲದು, ಕಕ್ಷೆಯ ಓರೆಯನ್ನು ಕಾಣಲಾರದು. ಹೆಗಲ ಮೇಲೆ ಕುಳಿತು ಹೋದಾಗಲೇ ಎರಡಕ್ಕೂ ಊರು ಸಿಗುತ್ತದೆ.

೬. ಯಮಳಶಬ್ದದ ಔಚಿತ್ಯ

ಆರ್. ಎಲ್. ನರಸಿಂಹಯ್ಯನವರು, ಶಿವರಾಮ ಕಾರಂತರು, ಜಿ. ಟಿ. ನಾರಾಯಣರಾಯರು ಮೊದಲಾದವರ ಶ್ರಮದಿಂದ ಕನ್ನಡದಲ್ಲಿ ಖಗೋಲವನ್ನು ಕುರಿತ ಗದ್ಯವು ನೆಲೆಗೊಂಡಿದೆ. ಆದರೂ ಜೋಡಿನಕ್ಷತ್ರ, ಯುಗ್ಮ, ಅವಳಿ, ಯಮಳ ಎಂಬ ಶಬ್ದಗಳು ಇಂದಿನ ಬರಹಗಳಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದು ಬರುತ್ತಿವೆ. ಯುಗ್ಮವೆಂದರೆ ಎರಡು ಎಂದಷ್ಟೇ. ಯಮಳವೆಂದರೆ ಒಟ್ಟಿಗೆ ಹುಟ್ಟಿದ ಎರಡು. ಈ ಭೇದವು ವೈಯಾಕರಣರ ಹಟವಲ್ಲ, ಇದರ ಮೇಲೆ ಒಂದು ದೊಡ್ಡ ಪ್ರಶ್ನೆಯೇ ನಿಂತಿದೆಯೆಂಬುದು ಆಲ್‌ಗಾಲ್ ಎಂಬ ನಕ್ಷತ್ರದಿಂದ ತಿಳಿಯುತ್ತದೆ.

ಕನ್ನಡದಲ್ಲಿ ಪಾರ್ಥನೆಂದು ಹೆಸರಿಟ್ಟಿರುವ ಪುಂಜದಲ್ಲಿ ಈ ನಕ್ಷತ್ರವಿದೆ. (ಪಾರ್ಥ, ವಿಜಯಸಾರಥಿ ಎಂಬೀ ಹೆಸರುಗಳು ಸೊಗಸಾದವು, ಆದರೆ ಹೊಸವು. ಇವನ್ನು ಸಿದ್ಧಾಂತಗ್ರಂಥಗಳ ಹೆಸರುಗಳೆಂದು ಭ್ರಮಿಸಬಾರದು.) ಹೇಮಂತ ಶಿಶಿರಗಳ ರಾತ್ರಿಗಳಲ್ಲಿ ಮಂಗಳೂರಿನ ಉತ್ತರದ ಆಕಾಶದಲ್ಲಿ ಅದು ೬೨ ಅಂಶದಷ್ಟು ಎತ್ತರಕ್ಕೆ ಏರುತ್ತದೆ. ಅರಬ್ಬಿಯಲ್ಲಿ ಅದರ ಹೆಸರಿಗೆ ಭೂತದ ತಲೆಯೆಂದು ಸಂಬಂಧ. ರಾಹುವಿನ ಶಿರಸ್ಸನ್ನು ಬಲ್ಲ ನಾಡಿನವರಿಗೆ ಇದು ವಿಚಿತ್ರವಾಗಿ ತೋರದು. ೨ ದಿನ ೨೦ ಗಂಟೆ ೪೯ ನಿಮಿಷಗಳಿಗೊಮ್ಮೆ ಅದರ ಬೆಳಕು ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಸ್ಪರ್ಶದಿಂದ ಮೋಕ್ಷದವರೆಗೆ ಸುಮಾರು ೧೦ ಗಂಟೆ, ಅಂದರೆ ೨೫ ಘಳಿಗೆ. ಕಿವಿ ಕೇಳದ ಇಂಗ್ಲಿಷ್ ತರುಣ ಜಾನ್ ಗುಡ್‌ರಿಕನು ೧೭೮೩ರಲ್ಲಿ ಈ ಕಾಲನಿಯಮವನ್ನು ಪ್ರಕಟಿಸಿ, ಕಪ್ಪಾದ ಪಿಂಡವೊಂದು ಸುತ್ತುತ್ತ ಅದನ್ನು ಮುಚ್ಚುತ್ತಿರಬಹುದೆಂದು ಸೂಚಿಸಿದನು. ನೂರಕ್ಕಿಂತ ಸ್ವಲ್ಪ ಹೆಚ್ಚು ವರ್ಷಕಾಲ ಅದು ಊಹೆಯಾಗಿಯೇ ಇತ್ತು. ೧೮೮೯ರಲ್ಲಿ ಪಾಟ್ಸ್‌ಡಾಮಿನ ಫೋಗೆಲನು ಅದರ ರೋಹಿತವನ್ನು ಅಳೆದು, ಗ್ರಹಣಕ್ಕೆ ಮೊದಲು ನಕ್ಷತ್ರವು ದೂರ ಸರಿಯುತ್ತಿರುವುದನ್ನೂ ಗ್ರಹಣದ ಬಳಿಕ ಸಮೀಪಿಸುತ್ತಿರುವುದನ್ನೂ ತೋರಿಸಿದನು. ಛಾದ್ಯವು ಛಾದಕದ ಹಿಂದೆ ಹೊಕ್ಕು ಹೊರಬರುವಾಗ ಹೇಗೆ ಚಲಿಸಬೇಕೋ ಹಾಗೆಯೇ ಅದು ಚಲಿಸಿತು. ಅನುಮಾನಕ್ಕೆ ಪ್ರತ್ಯಕ್ಷದ ಬೆಂಬಲವು ದೊರೆಯಿತು.

ಆದರೂ ಫೋಗೆಲನಿಗೆ ಕಂಡದ್ದು ಒಂದೇ ನಕ್ಷತ್ರದ ರೇಖಾವಲಿ. ಮಂದವಾದ ಸಂಗಾತಿಯ ಸೋಡಿಯಂ ರೇಖೆಗಳನ್ನು ಟಾಮ್ಕಿನ್ ಮತ್ತು ಲ್ಯಾಂಬರ್ಟರು ಹಿಡಿದುದು ೧೯೭೮ರಲ್ಲಿ. ನಡುವೆ ೮೯ ವರ್ಷಗಳು. ತಕ್ಕಡಿಯ ಒಂದೇ ತಟ್ಟೆಯನ್ನು ನೋಡಿ ತೂಕವನ್ನು ಹೇಳುವಂತಿದ್ದ ಆ ಸ್ಥಿತಿಯು ಆಗ ಕಳೆಯಿತು. ಇಂದಿನ ಮಾನದಂತೆ ಬೆಳಗುವ ನಕ್ಷತ್ರದ ದ್ರವ್ಯವು ಸೂರ್ಯನ ಸುಮಾರು ೩.೨ ಪಟ್ಟು, ತ್ರಿಜ್ಯವು ೨.೭ ಪಟ್ಟು, ಮಂದವಾದುದರ ದ್ರವ್ಯವು ೦.೭, ತ್ರಿಜ್ಯವು ೩.೫ ಪಟ್ಟು.

ಇಲ್ಲಿ ವಿರೋಧವೊಂದು ತಲೆದೋರುತ್ತದೆ. ಭಾರವಾದ ನಕ್ಷತ್ರವು ಬೇಗ ಮುಪ್ಪಾಗಿ ಉಬ್ಬಬೇಕೆಂಬುದು ನಿಯಮ. ಇಲ್ಲಿಯಾದರೋ ಹಗುರವಾದುದೇ ಮುಪ್ಪಾಗಿ ಉಬ್ಬಿದೆ, ಭಾರವಾದುದು ಯೌವನದಲ್ಲಿದೆ. ಇವೆರಡು ಬೇರೆ ಬೇರೆ ಕಾಲದಲ್ಲಿ ಹುಟ್ಟಿ ಮುಂದೆ ಜೊತೆಗೂಡಿದ ಯುಗ್ಮವಾಗಿದ್ದರೆ ವಿರೋಧವೇ ಇಲ್ಲ. ಒಟ್ಟಿಗೆ ಹುಟ್ಟಿದ ಯಮಳವಾದುದರಿಂದಲೇ ವಿರೋಧ. ೧೯೫೫ರಲ್ಲಿ ಕ್ರಾಫರ್ಡನು ಸೂಚಿಸಿದ ಪರಿಹಾರವು ಇಂದು ಸರ್ವಸಮ್ಮತವಾಗಿದೆ. ಈಗ ಹಗುರವಾಗಿರುವುದೇ ಮೊದಲು ಭಾರವಾಗಿತ್ತು. ಅದು ಮುಪ್ಪಿನಲ್ಲಿ ಉಬ್ಬಿದಾಗ ಅದರ ದ್ರವ್ಯವು ಸಂಗಾತಿ ನಕ್ಷತ್ರಕ್ಕೆ ಹರಿದುಹೋಯಿತು. ಯಯಾತಿಯ ಕಥೆಯನ್ನು ಇಲ್ಲಿ ನೆನೆಯುವವರು ನೆನೆಯಲಿ. ಆದರೆ ಇದು ಕಥೆಯಿಂದ ಬಂದ ಜ್ಞಾನವಲ್ಲ, ದ್ರವ್ಯಮಾನಗಳನ್ನು ಅಳೆದುದರಿಂದ ಬಂದುದು. ಅಳೆಯದಿದ್ದರೆ ವಿರೋಧವೇ ಕಾಣಿಸುತ್ತಿರಲಿಲ್ಲ. ವಿರೋಧವು ಕಾಣದಿದ್ದರೆ ಪರಿಹಾರವೂ ಹುಟ್ಟುತ್ತಿರಲಿಲ್ಲ.

ಮೈಯ ಉಷ್ಣತೆಯನ್ನು ರೇಖೆಗಳ ಬಲಾಬಲದಿಂದ ನಿರ್ಣಯಿಸುವ ಮಾರ್ಗವನ್ನು ತೆರೆದವರು ೧೯೨೦ರಲ್ಲಿ ಅಯನೀಕರಣದ ಸಮೀಕರಣವನ್ನು ಕೊಟ್ಟ ಮೇಘನಾದ ಸಾಹಾ ಅವರು. ತ್ರಿಜ್ಯವೂ ಉಷ್ಣತೆಯೂ ತಿಳಿದರೆ ನಕ್ಷತ್ರದ ಒಟ್ಟು ತೇಜಸ್ಸೂ, ಅದರಿಂದ ದೂರವೂ ತಿಳಿಯುತ್ತವೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಲಡಾಖಿನ ಹಾನ್ಲೆಯ ೨ ಮೀಟರು ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ. ನಕ್ಷತ್ರಗಳ ರೋಹಿತವನ್ನು ಓದುವ ಕೆಲಸವು ಕನ್ನಡನಾಡಿನಲ್ಲಿಯೇ ನಡೆಯುತ್ತಿರಲು, ಅದನ್ನು ಹೇಳುವ ಭಾಷೆಯು ಸಡಿಲವಾಗಿರುವುದು ಸಲ್ಲದು.

೭. ನಿರ್ಣಯ

ಆದುದರಿಂದ ನಿಷ್ಪನ್ನವಾದುದು ಇಷ್ಟು. ಕಣ್ಣಿಗೆ ಜೊತೆಯಾಗಿ ತೋರುವುದನ್ನು ಯುಗ್ಮವೆಂದೂ, ಒಟ್ಟಿಗೆ ಹುಟ್ಟಿ ಪರಸ್ಪರ ಸುತ್ತುವುದನ್ನು ಯಮಳವೆಂದೂ, ಅವುಗಳಲ್ಲಿ ಒಂದನ್ನೊಂದು ಮುಚ್ಚುವುದನ್ನು ಗ್ರಹಣಯಮಳವೆಂದೂ ಬೇರ್ಪಡಿಸಿ ಹೇಳುವುದು ಯುಕ್ತ. ಸ್ಪರ್ಶ, ವಿಮರ್ದ, ಮೋಕ್ಷ, ಛಾದ್ಯ, ಛಾದಕ, ಶರ ಎಂಬ ಸಿದ್ಧಾಂತದ ಶಬ್ದಗಳು ಇಲ್ಲಿ ಅರ್ಥವನ್ನು ಎಳೆಯದೆ ಹಾಗೆಯೇ ಸಲ್ಲುವುದರಿಂದ ಹೊಸ ಶಬ್ದಗಳನ್ನು ಟಂಕಿಸುವ ಶ್ರಮವಿಲ್ಲ. ಪ್ರಾಚೀನರ ಪರವಾಗಿ ಹೇಳಿಕೊಳ್ಳಬೇಕಾದ ಹಿರಿಮೆಯು ಗ್ರಹಣದ ತ್ರಿಭುಜದಲ್ಲಿದೆ, ಅರುಂಧತಿಯಲ್ಲಿಲ್ಲ. ಅವರ ನ್ಯೂನತೆಯು ಅಳೆಯದೆ ಊಹಿಸಿದ ಗತಿಯಲ್ಲಿದೆ. ಅದನ್ನು ಒಪ್ಪಿಕೊಂಡರೆ ಮಾತ್ರ ರೋಹಿತದ ಬೆಲೆಯು ತಿಳಿಯುತ್ತದೆ.

ವೇದಾಂತಿಗಳಲ್ಲಿ ಸ್ಥೂಲಾರುಂಧತೀನ್ಯಾಯವೆಂಬುದು ಪ್ರಸಿದ್ಧವಾಗಿದೆ. ಸೂಕ್ಷ್ಮವಾದ ಅರುಂಧತಿಯನ್ನು ತೋರಿಸಬೇಕಾದವನು ಮೊದಲು ಅದರ ಬಳಿಯ ಸ್ಥೂಲವಾದ ನಕ್ಷತ್ರವನ್ನೇ ಅರುಂಧತಿಯೆಂದು ತೋರಿಸಿ, ದೃಷ್ಟಿಯು ಅಲ್ಲಿ ನಿಂತ ಬಳಿಕ ಅದನ್ನು ನಿರಾಕರಿಸಿ ನಿಜವಾದುದನ್ನು ತೋರಿಸುತ್ತಾನೆ. ಆ ನ್ಯಾಯದಲ್ಲಿ ತೋರಿಸುವುದಕ್ಕಿರುವಷ್ಟೇ ಬೆಲೆಯು ನಿರಾಕರಿಸುವುದಕ್ಕೂ ಇದೆ. ಮಣ್ಣಗುಡ್ಡದ ದೀಪಗಳ ನಡುವೆ ವಸಿಷ್ಠನೊಬ್ಬನೇ ಕಂಡಾಗ ಅವನನ್ನೇ ಅರುಂಧತಿಯೆಂದು ಹೇಳಿ ಮನೆಗೆ ಮರಳಿದವನು ನ್ಯಾಯದ ಅರ್ಧವನ್ನು ಮಾತ್ರ ಆಚರಿಸಿದವನು.